ಹೊಲಿಯದೆ ಉಳಿದ ರಜಾಯಿ

ಹೊಸ ಹತ್ತಿಬಟ್ಟೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಒಂದು ವಾಸನೆ ಏಳುತ್ತದೆ. ಗಂಜಿಯದು, ಅಂಗಡಿಯ ಧೂಳಿನದು, ಸ್ವಲ್ಪ ಸೀಮೆಎಣ್ಣೆಯದೂ ಇರಬೇಕು. ಹೋದ ವಾರ ಸಿ.ವಿ. ರಾಮನ್ ನಗರದ ನಮ್ಮ ಮನೆಯ ಬಚ್ಚಲಲ್ಲಿ ಬಕೆಟ್ಟಿನಿಂದ ಆ ವಾಸನೆ ಎದ್ದದ್ದೇ ತಡ, ಬಟ್ಟೆ ಹಿಂಡಲು ಹೋದ ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು. ಯಾರೋ ಬೆನ್ನ ಹಿಂದೆ ನಿಂತು ಗದರಿದ ಹಾಗೆ...

ಗದರುತ್ತಿದ್ದವರು ಹಲಸೂರಿನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿದ್ದವರು. ಅವರ ಹೆಸರು ಗೊತ್ತಿದ್ದರೂ ಹೆಸರು ಹಿಡಿದು ಕರೆದವಳಲ್ಲ ನಾನು. ಬೀದಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ, ನನಗೂ ಖಾಲಾ.

ತೊಂಬತ್ತರ ದಶಕದ ಮಾತು. ಗದಗಿನ ಕಡೆಯಿಂದ ಮದುವೆಯಾಗಿ ಆಗಷ್ಟೇ ಬಂದಿದ್ದೆ. ಬೆಳಿಗ್ಗೆ ಇವರು ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಒಂದು ಕಡೆ ಕೂತಿರುವ ಜಾಯಮಾನ ನನ್ನದಲ್ಲ. ಗುಡಿಸಿದ್ದನ್ನೇ ಗುಡಿಸಿ, ಒರೆಸಿದ್ದನ್ನೇ ಒರೆಸಿ, ಕೊನೆಗೆ ತಾರಸಿಗೆ ಓಡುತ್ತಿದ್ದೆ. ಎರಡೂ ಮನೆಗೆ ಸೇರಿ ಇದ್ದ ತಾರಸಿ ಅದು. ಅಲ್ಲಿ ಖಾಲಾ ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದರು. ಆರ್ಡರ್ ಮೇಲೆ ರಜಾಯಿ ಹೊಲಿದು ಕೊಡುವುದು ಅವರ ಕೆಲಸ. ಬಣ್ಣಬಣ್ಣದ ಹೊಸ ತುಂಡುಗಳನ್ನು ಜೋಡಿಸಿ, ನಡುವೆ ಹತ್ತಿ ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕುವುದು. ಆದರೆ ತುಂಡು ಮಾಡುವ ಮುಂಚೆ ಬಟ್ಟೆಯನ್ನು ನೆನೆಸಿ ಒಗೆಯಲೇಬೇಕು. ಇಲ್ಲದಿದ್ದರೆ ರಜಾಯಿ ಮೊದಲ ಒಗೆತಕ್ಕೇ ಕುಗ್ಗಿ ಮುದುರುತ್ತದೆ.

ಸಹಾಯ ಮಾಡುತ್ತೇನೆಂದು ಹೋದ ಮೊದಲ ದಿನವೇ ಬೈಸಿಕೊಂಡೆ. ಊರಲ್ಲಿ ಬಟ್ಟೆ ಹಿಂಡುವ ಹಾಗೆ ಎರಡು ಕೈಯಲ್ಲಿ ಹಿಡಿದು ತಿರುಚಿದ್ದೆ.

"ಅರೆ, ಹಿಂಡ್ಬೇಡ ಬೇಟಾ! ಹಿಂಡಿದ್ ಸುಕ್ಕು ಇಸ್ತ್ರಿಗೂ ಹೋಗಲ್ಲ."

ಅವರ ಕ್ರಮವೇ ಬೇರೆ. ಬಟ್ಟೆಯ ನಾಲ್ಕೂ ಮೂಲೆಯನ್ನು ಚೂರೇ ಚೂರು ಓರೆಯಾಗಿ ಕತ್ತರಿಸುವುದು, ಅಂಚಿನ ನೂಲು ಬಿಚ್ಚಿ ಸಿಕ್ಕಾಗದಿರಲಿ ಅಂತ. ಬಕೆಟ್ಟಿಗೆ ಒಂದೇ ಬಟ್ಟೆ, ಅದು ನೀರಿನಲ್ಲಿ ಈಜಾಡುವಷ್ಟು ಜಾಗ ಬೇಕು. ಎತ್ತಿದ ಮೇಲೆ ನೀರು ತಾನೇ ಸೋರಲು ಬಿಟ್ಟು, ಇಬ್ಬರು ಎರಡು ತುದಿ ಹಿಡಿದು ಫಟ್ಟನೆ ಒದರಿ, ನೆರಳಿನಲ್ಲಿ ನೂಲಿನ ನೇರಕ್ಕೆ ಹರವುವುದು. ಪೂರ್ತಿ ಒಣಗುವ ಮುಂಚೆ, ಇನ್ನೂ ತೇವವಿರುವಾಗಲೇ, ಇಸ್ತ್ರಿ. ಅದೂ ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಎತ್ತಿ ಇಡಬೇಕು. ಎಳೆದರೆ ಬಟ್ಟೆ ಓರೆಯಾಗುತ್ತದೆ. ನಮ್ಮ ಕಡೆಯ ಕೌದಿಗೆ ಹಳೇ ಸೀರೆಯೇ ಗತಿ, ಇಸ್ತ್ರಿ ಕಂಡ ಕೌದಿಯನ್ನು ನಮ್ಮ ವಂಶದಲ್ಲೇ ಯಾರೂ ನೋಡಿಲ್ಲ ಎಂದು ನಾನು ಚುಡಾಯಿಸುತ್ತಿದ್ದೆ. ಅವರು ನಗುತ್ತಿದ್ದರು, ಕೆಲಸ ಮಾತ್ರ ಬಿಡುತ್ತಿರಲಿಲ್ಲ.

ಆ ವರ್ಷ ಚಳಿಗಾಲದ ಹೊತ್ತಿಗೆ ಒಂದು ತಿಳಿಹಸಿರು ಬಟ್ಟೆ ಬಂತು, ಮೈತುಂಬ ಸಣ್ಣ ಬಿಳಿ ಹೂವು. ಶಿವಾಜಿನಗರದ ಕಟ್‌ಪೀಸ್ ಅಂಗಡಿಯಿಂದ ಖಾಲಾ ತಾವೇ ತಂದದ್ದು. ಯಾರದೋ ಆರ್ಡರ್ ಎಂದು ಗಂಡನಿಗೆ ಹೇಳಿದರು, ನನಗೂ ಅದನ್ನೇ ಹೇಳಿದರು. ನಿಜ ಸಂಗತಿ ಕೆಳಗಿನ ಮನೆಯ ಓನರಮ್ಮನಿಂದ ನನಗೆ ಗೊತ್ತಾಯಿತು. ಖಾಲಾರ ಒಬ್ಬಳೇ ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಳು. ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ಅಪ್ಪನ ಕಟ್ಟಪ್ಪಣೆ. ಈಗ ಅವಳು ಬಸುರಿ ಎಂಬ ಸುದ್ದಿ ಬಂದಿತ್ತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕಾದದ್ದು ಅವರಲ್ಲೂ ರೂಢಿ, ನಮ್ಮಲ್ಲೂ ರೂಢಿ. ಆದರೆ ಕರೆಯುವವರು ಯಾರು?

ಖಾಲಾ ಆ ಬಟ್ಟೆಯನ್ನು ಒಗೆದರು, ಇಸ್ತ್ರಿ ಹಾಕಿದರು, ಕತ್ತರಿಸಲಿಲ್ಲ. ಎರಡು ದಿನ ಬಿಟ್ಟು ಮಡಿಚಿದ ಗೆರೆ ಉಳಿದಿದೆ ಎಂದು ಮತ್ತೆ ನೆನೆಹಾಕಿದರು. ಇನ್ನೊಮ್ಮೆ ಗಂಜಿ ಪೂರ್ತಿ ಬಿಟ್ಟಿಲ್ಲವೆಂದರು. ಮತ್ತೊಮ್ಮೆ ಇಸ್ತ್ರಿಯ ನಡುವೆ ಕರೆಂಟ್ ಹೋಗಿ ಬಟ್ಟೆ ಒಣಗಿಬಿಟ್ಟಿತು. ನೀರು ಚಿಮುಕಿಸಿ, ಟವೆಲಿನಲ್ಲಿ ಸುತ್ತಿಟ್ಟು, ಕರೆಂಟಿಗಾಗಿ ಬಾಗಿಲಿಗೂ ಸ್ವಿಚ್ಚಿಗೂ ಓಡಾಡಿದರು. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಮಹಡಿಯ ಕಟಕಟೆಗೆ ಬಂದು ಬಗ್ಗಿ ನೋಡುವರು. ತರಕಾರಿಯವನನ್ನೋ ಎದುರು ಮನೆಯ ನೆಂಟರನ್ನೋ ಕಂಡು ಒಳಗೆ ಹೋಗುವರು. ಅದನ್ನು ನೋಡಿ ನೋಡಿ ನನಗೂ ಮಧ್ಯಾಹ್ನ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ, ಆಟೋ ಸದ್ದಿಗೆ ನಾನೂ ಏಳತೊಡಗಿದ್ದೆ.

ಒಂದು ದಿನ ತಡೆಯಲಾಗಲಿಲ್ಲ. "ಸಾಕು ಮಾಡ್ರಿ ಖಾಲಾ. ಅದ್ರಾಗ ಎಲ್ಲೈತ್ರಿ ಸುಕ್ಕು? ಕತ್ತರ್ಸಿ ಹೊಲದ್ ಬಿಡ್ರಿ," ಅಂದೆ. ಸಿಟ್ಟು ಬಂದರೆ ನನಗೆ ಬೆಂಗಳೂರಿನ ಕನ್ನಡ ಮರೆತುಹೋಗುತ್ತಿತ್ತು.

ಅವರು ಬಟ್ಟೆಯ ಮೇಲೆ ಅಂಗೈ ಆಡಿಸುತ್ತಲೇ ಇದ್ದರು. "ಕತ್ತರಿಸಿದ್ರೆ ಹೊಲೀಬೇಕಲ್ಲ ಬೇಟಾ... ಹೊಲಿದು ಮುಗಿದ್ರೆ ಯಾರಿಗಾದ್ರೂ ಕೊಡ್ಬೇಕು. ಇವರು ಕೇಳ್ತಾರೆ, ತಗೊಂಡ್ ಹೋಗೋಕೆ ಯಾಕೆ ಯಾರೂ ಬರ್ಲಿಲ್ಲ ಅಂತ."

ನನಗೆ ಅಳು ಬಂತು. ಮರುದಿನದಿಂದ ಬಟ್ಟೆಯ ಇನ್ನೊಂದು ತುದಿ ಹಿಡಿದು ನಾನೇ ಒದರಿಕೊಡತೊಡಗಿದೆ. ಇಲ್ಲದ ಸುಕ್ಕು ನನಗೂ ಕಾಣತೊಡಗಿತು.

ಕೊನೆಗೆ ಅವಳು ಬಂದಳು. ಹೆರಿಗೆಗಲ್ಲ, ಹೆರಿಗೆ ಮುಗಿಸಿಕೊಂಡು, ಕೈಕೂಸಿನೊಂದಿಗೆ. ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ ಬಂದಿದ್ದಳು, ಆಟೋವನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ. ನಾನೂ ಅಲ್ಲೇ ಇದ್ದೆ. ಖಾಲಾ ಬಾಗಿಲಲ್ಲಿ ನಿಂತರು, ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೂಸನ್ನು ಮಿರಮಿರ ಮಿಂಚುವ ನೈಲಾನ್ ಹೊದಿಕೆಯಲ್ಲಿ ಸುತ್ತಿದ್ದಳು. ಅದು ಬೆವತು ಕೆಂಪಾಗಿ ಕಿರುಚುತ್ತಿತ್ತು.

"ಹಸುಗೂಸಿಗೆ ಯಾರಾದ್ರೂ ಹೊಸ್ ಬಟ್ಟೆ ಹಾಕ್ತಾರಾ? ಹಳೇದ್ ಹಾಕ್ಬೇಕು, ಮೆತ್ತಗಿರೋದು," ಎಂದು ಖಾಲಾ ರೇಗಿದರು. ತಿಂಗಳುಗಟ್ಟಲೆ ಕಾದು ಮಗಳೊಡನೆ ಆಡಿದ ಮೊದಲ ಮಾತು ಅದು! ಒಳಗೆ ಹೋದವರು ಆ ಹಸಿರು ಬಟ್ಟೆಯನ್ನೇ ತಂದರು. ಒಗೆದೂ ಒಗೆದೂ ಅದು ನನ್ನ ಅವ್ವನ ಹಳೇ ಸೀರೆಗಿಂತ ಮೆತ್ತಗಾಗಿತ್ತು. ಕೂಸನ್ನು ಅದರಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೋಣೆಯ ತುಂಬ ಓಡಾಡಿದರು. ಅಳು ನಿಂತಿತು.

"ಯಾರ್ದು ಅಮ್ಮಿ ಇದು, ಇಷ್ಟ್ ಚೆನ್ನಾಗಿದೆ?" ಎಂದು ಮಗಳು ಕೇಳಿದಳು.

"ಯಾರ್ದೋ ಆರ್ಡರ್ದು. ಇರ್ಲಿ, ತಗೊಂಡ್ ಹೋಗು."

ಗಂಡನಿಗೆಂದು ಹುಟ್ಟಿದ ಸುಳ್ಳು ಮಗಳ ಎದುರೂ ಬಾಯಿಗೆ ಬಂದಿತ್ತು. ಅಭಿಮಾನವೋ ನಾಚಿಕೆಯೋ... ನನಗೆ ಇಂದಿಗೂ ತಿಳಿಯದು. ಅಪ್ಪ ಬರುವ ಹೊತ್ತಾಯಿತೆಂದು ಅವಳು ಎದ್ದಳು. ಬಟ್ಟೆಯೂ ಅವಳ ಜೊತೆ ಹೋಯಿತು.

ಮೊಮ್ಮಗುವಿನ ಸುದ್ದಿಗೆ ಅಪ್ಪನ ಕೋಪ ನಿಧಾನಕ್ಕೆ ಇಳಿಯಿತು, ಮಗಳು ಬಂದುಹೋಗುವುದು ಶುರುವಾಯಿತು. ನಾವು ಹೊಸ ತಿಪ್ಪಸಂದ್ರಕ್ಕೆ, ಅಲ್ಲಿಂದ ಇಲ್ಲಿಗೆ ಮನೆ ಬದಲಿಸಿದೆವು. ನಾಲ್ಕು ಹೆಜ್ಜೆ ದೂರದ ಹಲಸೂರು, ಆದರೂ ನಾಳೆ ಹೋದರಾಯಿತು ಅನ್ನುವುದರಲ್ಲೇ ವರ್ಷಗಳು ಕಳೆದವು.

ಬಕೆಟ್ಟಿನ ವಾಸನೆ ಮೂಗಿಗೆ ಬಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನವೇ ಹೋದೆ. ಅದೇ ಮನೆ. ಬಾಗಿಲು ತೆರೆದವಳು ಮಗಳು, ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದಳು. ಖಾಲಾ ಎಲ್ಲಿ ಎಂದು ನಾನು ಕೇಳುವ ಮುಂಚೆಯೇ ಅವಳ ಮುಖ ಹೇಳಿತು. ಹೋಗಿ ಎರಡು ವರ್ಷವಾಗಿತ್ತಂತೆ. ಹೊಸ್ತಿಲಲ್ಲೇ ಕೂತುಬಿಟ್ಟೆ.

ಚಹಾ ಕೊಟ್ಟು ಅವಳೂ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾ, ಅವತ್ತು ಅಮ್ಮಿ ಒಂದು ಹಸಿರು ಬಟ್ಟೆ ಕೊಟ್ರಲ್ಲ, ಆ ಆರ್ಡರ್‌ನವರು ಆಮೇಲೆ ಬಂದು ಗಲಾಟೆ ಮಾಡಿದ್ರಾ? ನನ್ನಿಂದ ಅಮ್ಮಿಗೆ ತೊಂದ್ರೆ ಆಯ್ತೇನೋ ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ. ಕೇಳೋಕೆ ಧೈರ್ಯ ಬರ್ಲಿಲ್ಲ."

"ಯಾರೂ ಆರ್ಡರ್ ಕೊಟ್ಟಿರ್ಲಿಲ್ಲ ಕಣಮ್ಮಾ," ಅಂದೆ. "ನೀನು ಬಸುರಿ ಅಂತ ಗೊತ್ತಾದಾಗ ತಂದಿದ್ದು ಅದು. ನೀನು ಬರೋವರ್ಗೂ ಒಗೀತಾನೇ ಇದ್ರು."

ಅವಳು ಲೋಟ ಕೆಳಗಿಟ್ಟಳು.

"ಮತ್ತೆ ಅಮ್ಮಿ ನಂಗ್ಯಾಕೆ ಹೇಳ್ಲಿಲ್ಲ?"

ಒಳಗೆ ಹೋಗಿ ಅವರನ್ನೇ ಕೇಳು ಎನ್ನೋಣವೆಂದರೆ ಖಾಲಾ ಇರಲಿಲ್ಲ.