ಬೈಸಿಕೊಂಡ ಜಾಗಗಳು

ಆ ಬೆಟ್ಟದೂರಿನಲ್ಲಿ ಮೂವತ್ತೊಂದು ವರ್ಷ ನೀರಿನ ಪೈಪು ನೋಡಿಕೊಂಡವನನ್ನು ಎಲ್ಲರೂ ವಾಲ್ವ್ ಮಾವ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಜಂಬದಲ್ಲಿ ಅದಕ್ಕೂ ಒಂದು ಕೈ ಮೇಲು. ಯಾವ ಪೈಪು ಎಲ್ಲಿ ಹೋಗಿದೆ ಎಂದು ಕಾಗದದ ಮೇಲೆ ಒಂದು ಗೆರೆ ಎಳೆದವನಲ್ಲ. "ನಕ್ಷೆ ಇಲ್ಲಿದೆ" ಎಂದು ಹಣೆ ತಟ್ಟಿಕೊಳ್ಳುತ್ತಿದ್ದ. ದೊಡ್ಡ ಪೈನ್ ಮರದಿಂದ ಹನ್ನೆರಡು ಹೆಜ್ಜೆ, ಜೋಡಿಮರದ ಬಲಕ್ಕೆ ನಾಲ್ಕು ಹೆಜ್ಜೆ, ಹೀಗೆ ಅವನ ಗುರುತೆಲ್ಲ ಮರಗಳೇ.

"ಒಂದು ಕಡೆ ಬರೆದಿಡ್ರೀ" ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು.

"ಮರ ಏನು ಎದ್ದು ಓಡಿಹೋಗುತ್ತೇನೇ?" ಎಂದು ಇವನು ನಗುತ್ತಿದ್ದ.

ಚಂಡಮಾರುತ ಬಂದ ದಿನ ಮರಗಳು ಎದ್ದು ಓಡಿಯೇ ಹೋದವು. ಗಾಳಿ ಮಳೆ ನಿಂತ ಮೇಲೆ ನೋಡಿದರೆ ಇಳಿಜಾರು ಬೋಳಿಸಿದ ತಲೆಯ ಹಾಗಿತ್ತು. ಹೊಳೆಯಂಚಿನ ಕೆಳಕೇರಿ ಪೂರ್ತಿ ಕೊಚ್ಚಿಹೋಗಿತ್ತು. ಪುಣ್ಯಕ್ಕೆ ಜನ ಮೊದಲೇ ಮೇಲೆ ಹತ್ತಿ ಬಂದು ಶಾಲೆ ಸೇರಿದ್ದರು. ಬೇಕರಿಯವನು ಸೌದೆಯ ಒಲೆ ಹಚ್ಚಿ ಹೊತ್ತುಹೊತ್ತಿಗೂ ಬ್ರೆಡ್ ಸುಟ್ಟುಕೊಟ್ಟ. ಟೈಲರ್ ತನ್ನ ಅಂಗಡಿಯ ಬಟ್ಟೆಯನ್ನೆಲ್ಲ ಹೊದಿಕೆ ಮಾಡಿ ಹಂಚಿದ. ಕೊರತೆ ಇದ್ದದ್ದು ನೀರಿಗೆ ಮಾತ್ರ. ಬೆಟ್ಟದ ನೆತ್ತಿಯ ಟ್ಯಾಂಕಿಗೆ ಬುಗ್ಗೆಯ ನೀರು ಬೇಕಾದಷ್ಟು ಬರುತ್ತಿತ್ತು, ಬಂದದ್ದೆಲ್ಲ ಕೆಳಕೇರಿಯ ಮುರಿದ ಪೈಪಿನಿಂದ ಹೊಳೆಗೆ ಸೋರಿಹೋಗುತ್ತಿತ್ತು. ಕೆಳಕೇರಿಯ ವಾಲ್ವ್ ಒಂದನ್ನು ಮುಚ್ಚಿದರೆ ಮೇಲಿನವರಿಗೂ ಶಾಲೆಗೂ ನೀರು ಸಿಗುತ್ತದೆ. ಆದರೆ ಆ ವಾಲ್ವ್ ಕೆಸರಿನಡಿ ಎಲ್ಲೋ ಹೂತುಹೋಗಿತ್ತು, ಅದರ ಗುರುತಿನ ಪೈನ್ ಮರ ಹೊಳೆಯ ಪಾಲಾಗಿತ್ತು.

ವಾಲ್ವ್ ಮಾವ ಮೂರು ದಿನ ಅಗೆದ. ಹನ್ನೊಂದು ಗುಂಡಿ ತೋಡಿದ. ಶಾಲೆಯಲ್ಲಿ ಹಸುಗೂಸುಗಳಿದ್ದವು, ಹೆಂಗಸರು ಗಂಡಸರು ಸಾಲಾಗಿ ಬುಗ್ಗೆಯಿಂದ ಕೊಡ ಹೊತ್ತು ತರುವುದನ್ನು ಕಂಡಾಗಲೆಲ್ಲ ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹಾರೆ ಬಿಸಾಕಿ ಕೆಸರಿನಲ್ಲೇ ಕುಕ್ಕರಿಸಿದ.

"ಮರಗಳೇ ಹೋದ್ಮೇಲೆ ಏನನ್ನ ನೋಡಿ ಹೆಜ್ಜೆ ಎಣಿಸ್ಲೇ?"

ಊಟದ ಡಬ್ಬಿ ತಂದಿದ್ದ ಹೆಂಡತಿ ಹೇಳಿದಳು, "ಮರ ಹೋದ್ರೆ ಹೋಗ್ಲಿ. ನಿಮ್ಮನ್ನ ಬೈದವರು ಇದಾರಲ್ಲ, ಅವರನ್ನ ಕರೀರಿ."

ಇದು ನಿಜವಾದ ಮಾತು. ಹೇಳದೆ ಕೇಳದೆ ಯಾರ ಅಂಗಳವನ್ನಾದರೂ ಅಗೆದು, ಪೈಪು ಹಾಕಿ, ಮಣ್ಣನ್ನು ಅರ್ಧಂಬರ್ಧ ಮುಚ್ಚಿ ಬರುವುದು ವಾಲ್ವ್ ಮಾವನ ಹುಟ್ಟುಗುಣ. ಬೈಸಿಕೊಳ್ಳದೆ ಒಂದು ಪೈಪನ್ನೂ ಹಾಕಿದವನಲ್ಲ. ಬೈಸಿಕೊಂಡವನು ಮರೆತಿದ್ದ, ಬೈದವರು ಮರೆತಿರಲಿಲ್ಲ.

ಸುದ್ದಿ ಹೋದದ್ದೇ ತಡ, ಊರು ಉತ್ಸಾಹದಿಂದ ಓಡಿಬಂತು. ಟೀಚರಮ್ಮ ತಮ್ಮ ಬಾಗಿಲಿಂದ ಆರು ಹೆಜ್ಜೆ ಎಣಿಸಿ ನಿಂತರು. "ನನ್ನ ಗುಲಾಬಿ ಗಿಡ ಕಿತ್ತು ಹಾಕಿದ್ದು ಇಲ್ಲೇ ಕಣಯ್ಯ!" ಟೈಲರ್ ತನ್ನ ಮೆಟ್ಟಿಲ ಪಕ್ಕ ನಿಂತ. "ಇದೇ ಗುಂಡೀಲಿ ಬಿದ್ದು ನಾನು ಕಾಲು ಉಳುಕಿಸ್ಕೊಂಡಿದ್ದು, ಮಾವ." ಬೇಕರಿಯವನು ಬಂದ, ಅವನ ಅತ್ತಿಗೆ ಬಂದಳು. ಒಬ್ಬೊಬ್ಬರು ತಾವು ಬೈದ ಜಾಗದಲ್ಲಿ ನಿಂತಂತೆ ನೆಲದೊಳಗಿನ ಪೈಪು ಮನುಷ್ಯರ ಸಾಲಾಗಿ ಇಳಿಜಾರಿನಲ್ಲಿ ಇಳಿದು ಬಂತು. ಮೂರು ದಿನ ಅವನು ಅಗೆದದ್ದು ಸಾಲಿನಿಂದ ಒಂದು ಮನೆಯಷ್ಟು ಆಚೆಗೆ! ಎಲ್ಲರೂ ನಕ್ಕರು, ಅವನೂ ನಕ್ಕ.

ಆದರೆ ಸಾಲು ತುದಿಮನೆಗೆ ಬಂದು ನಿಂತುಹೋಯಿತು. ಅಲ್ಲಿಂದ ಪೈಪು ಯಾವ ಕಡೆ ತಿರುಗುತ್ತದೋ ಅಲ್ಲೇ ವಾಲ್ವ್. ಆ ಮನೆಯಲ್ಲಿ ಉಳಿದದ್ದು ಮೂರು ಮೆಟ್ಟಿಲು. ಮನೆಯೊಡತಿ ನರ್ಸಕ್ಕ ಮುರಿದ ಸೇತುವೆಯ ಆಚೆ, ಆಸ್ಪತ್ರೆಯ ಡ್ಯೂಟಿಯಲ್ಲಿ ಸಿಕ್ಕಿಕೊಂಡಿದ್ದಳು, ಫೋನೂ ಸತ್ತುಹೋಗಿತ್ತು.

"ಎಲ್ಲರಿಗಿಂತ ಜಾಸ್ತಿ ಬೈದೋಳು ಅವಳೇ" ಎಂದ ವಾಲ್ವ್ ಮಾವನ ದನಿ ಇಳಿದುಹೋಗಿತ್ತು. "ಅವಳಿಲ್ದೆ ಯಾರಿಗೆ ಗೊತ್ತು?"

ಹೆಂಡತಿ ಡಬ್ಬಿ ಕೆಳಗಿಟ್ಟಳು. ಕೊನೆಯ ಮೆಟ್ಟಿಲಿಂದ ಎಡಕ್ಕೆ ಏಳು ಹೆಜ್ಜೆ ನಡೆದು ನಿಂತಳು.

"ಇಲ್ಲಿ ಅಗೀರಿ."

"ನಿನಗೆ ಹೇಗೆ ಗೊತ್ತೇ?"

"ನೀವು ಬೈಸ್ಕೊಂಡು ಮನೆಗೆ ಬಂದು ಮಲಗ್ತಿದ್ರಿ. ಆಮೇಲೆ ಹೋಗಿ ಸಮಾಧಾನ ಮಾಡ್ತಿದ್ದೋಳು ಯಾರು? ಈ ಗುಂಡಿ ಮುಚ್ಚಿದ್ದು ನಾನೇ."

ಅವನು ಹಾರೆ ಎತ್ತಿಕೊಂಡ. ಅಗೆಯತೊಡಗಿದ. ಸೊಂಟದಾಳಕ್ಕೆ ಹಾರೆ ಕಬ್ಬಿಣದ ಮುಚ್ಚಳಕ್ಕೆ ಠಣ್ ಎಂದು ತಗುಲಿತು. ಮುಚ್ಚಳ ತೆಗೆದು, ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಇಳಿಸಿ, ಮೈಯ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಶಾಲೆಯ ನಲ್ಲಿ ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ತಿಳಿನೀರು ಸುರಿಸಿತು. ಮೇಲಿನಿಂದ ಕೇಳಿಬಂದ ಕೂಗಿಗೆ ಅವನ ಕಣ್ಣು ತುಂಬಿಬಂತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹರಡಿಕೊಂಡು ವಾಲ್ವ್ ಮಾವ ನಕ್ಷೆ ಬರೆಯಲು ಕೂತ. ಒಂದೂ ಮರ ಬರೆಯಲಿಲ್ಲ. ಟೀಚರಮ್ಮನ ಗುಲಾಬಿ, ಟೈಲರನ ಕಾಲು ಎಂದೆಲ್ಲ ಬರೆದುಕೊಂಡು ಬಂದು ವಾಲ್ವಿನ ಹತ್ತಿರ ಪೆನ್ಸಿಲ್ ನಿಲ್ಲಿಸಿದ. ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದ ಹೆಂಡತಿಯನ್ನು ನೋಡಿ ಮೆಲ್ಲಗೆ ಕೇಳಿದ.

"ಇನ್ನೂ ಎಷ್ಟು ಗುಂಡಿ ಮುಚ್ಚಿದೀಯೇ ನೀನು?"

ಅವಳು ಕೈ ಒರೆಸಿಕೊಂಡು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಪೆನ್ಸಿಲ್ ಇತ್ತ ಕೊಡಿ" ಎಂದಳು.