ಕಾಶಿಯಿಂದ ಬಂದ ಭಾಗವ್ವ

ಜೋಳದ ಹಿಟ್ಟನ್ನು ಒತ್ತಿ ತುಂಬಿ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದರೆ ಆ ಗಂಟು ಎಳೆಗೂಸಿನಷ್ಟು ತೂಗುತ್ತದೆ. ಎಳೆಗೂಸಿನಷ್ಟೇ ಜೋಪಾನವನ್ನೂ ಬೇಡುತ್ತದೆ. ನಮ್ಮವ್ವ ನೀಲವ್ವ ಅಂಥದೊಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಸೊಲ್ಲಾಪುರದಿಂದ ಕಾಶಿಯವರೆಗೂ ರೈಲಿನಲ್ಲಿ ಕುಳಿತಿದ್ದಳು. ಲೋಕವನ್ನೆಲ್ಲ ಉಣಿಸುವ ಅನ್ನಪೂರ್ಣೆಯ ಊರಿಗೆ ಹಿಟ್ಟು ಹೊತ್ತು ಹೋಗುವವರುಂಟೇ ಎಂದು ನಾನು ನಕ್ಕರೆ, "ಅನ್ನಪೂರ್ಣವ್ವ ಅನ್ನಾ ಹಾಕತಾಳ, ರೊಟ್ಟಿ ಯಾರು ಬಡೀತಾರ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ತೊಂಬತ್ತರ ದಶಕ ಆಗತಾನೆ ಕಣ್ಣು ತೆರೆಯುತ್ತಿದ್ದ ಕಾಲದ ಮಾತಿದು. ನಾನು ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ತವರು ಬನಹಟ್ಟಿ, ನೇಕಾರರ ಮನೆ. ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕುಳಿತರೆ, ಅವ್ವ ಪಡಸಾಲೆಯ ಬೆಳಕಿಗೆ ಮುಖಮಾಡಿ ನೂಲು ಸುತ್ತುತ್ತಿದ್ದಳು. ಅವರಿಬ್ಬರ ದಾಂಪತ್ಯದ ಮುಕ್ಕಾಲು ಪಾಲು ಮಾತು ಲಾಳಿಯ ಸದ್ದಿನೊಳಗೇ ನಡೆದುಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ತಮ್ಮ ಕೈಮಗ್ಗ ತೆಗೆಸಿ ಕರೆಂಟಿನ ಮಗ್ಗ ಹಾಕಿಸಿದ, ಕುಣಿಯನ್ನು ಮುಚ್ಚಿ ಮೇಲೆ ಫರಸಿ ಕಲ್ಲು ಹೊದಿಸಿದ. ಅವನೂ ಒಳ್ಳೆಯವನೇ, ಅವನ ಹೆಂಡತಿಯೂ ಒಳ್ಳೆಯವಳೇ. ಇಬ್ಬರೂ ಸೇರಿ ಅವ್ವನಿಗೆ, "ಸಾಕು, ಇನ್ನ ಕುಂತು ಉಣ್ಣು" ಎಂದರು. ಕುಳಿತು ಉಣ್ಣುವುದು ಕೆಲವರಿಗೆ ಹಿರಿತನದ ಸುಖ; ಆದರೆ ಬದುಕಿಡೀ ಕೈಯೊಳಗೊಂದು ಎಳೆ ಹಿಡಿದಿದ್ದವರಿಗೆ ಬರಿಗೈಯಷ್ಟು ಭಾರವಾದದ್ದು ಇನ್ನೊಂದಿಲ್ಲ. ಅವ್ವ ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು. ಒಂದು ದಿನ ಇದ್ದಕ್ಕಿದ್ದಂತೆ, "ಕಾಶಿಗೆ ಹೋಗಬೇಕು" ಎಂದಳು. ಬೇಸಿಗೆಯ ರಜೆಯಲ್ಲಿ, ಮಕ್ಕಳನ್ನು ಮನೆಯವರಿಗೆ ಒಪ್ಪಿಸಿ, ನಾನೇ ಅವಳನ್ನು ಕರೆದುಕೊಂಡು ಹೊರಟೆ.

ಕಾಶಿಯನ್ನು ಮೊದಲ ಸಲ ಕಾಣುವವರಿಗೆ ಆ ಊರು ಕಾಣುವುದೇ ಇಲ್ಲ, ಬರಿಯ ಗದ್ದಲ ಕಾಣುತ್ತದೆ. ಗೂಳಿ, ಗಂಟೆ, ಹೂವಿನ ರಾಶಿ, ಹೆಣ ಹೊತ್ತವರ ಓಟ, ಹಾಲಿನ ಕಡಾಯಿಯ ಮುಂದೆ ನಿಂತವರ ನಗೆ, ಎಲ್ಲವೂ ಒಂದೇ ಓಣಿಯಲ್ಲಿ ಒಂದನ್ನೊಂದು ತಳ್ಳಿಕೊಂಡು ಹೋಗುತ್ತಿರುತ್ತವೆ. ಇಂಥ ಇಕ್ಕಟ್ಟಿನಲ್ಲಿ ಮುಕ್ತಿ ಯಾವ ಸಂದಿಯಿಂದ ಬಂದೀತು ಎಂದು ನನ್ನ ಓದಿದ ಬುದ್ಧಿ ಕೊಂಕು ನುಡಿಯುತ್ತಿತ್ತು. ಆದರೆ ಓಣಿ ಮುಗಿದು, ಮೆಟ್ಟಿಲು ಇಳಿದು, ಎದುರಿಗೆ ಗಂಗೆ ಅಗಲವಾಗಿ ಹರಡಿಕೊಂಡಾಗ ಆ ಕೊಂಕಿಗೂ ಉಸಿರು ಸಿಕ್ಕಂತಾಗಿ ಅದು ಸುಮ್ಮನಾಯಿತು. ಅವ್ವ ನೀರಿಗಿಳಿದು ಮುಳುಗೆದ್ದು, ಒದ್ದೆ ಸೀರೆಯಲ್ಲೇ ಸೂರ್ಯನಿಗೆ ಕೈಮುಗಿದು ಎಷ್ಟು ಹೊತ್ತು ನಿಂತಳೆಂದರೆ ನಾನೇ ಹೋಗಿ ಕೈಹಿಡಿದು ಕರೆತರಬೇಕಾಯಿತು. ಮೆಟ್ಟಿಲ ಮೇಲೆ ತಲೆ ಒರೆಸಿಕೊಳ್ಳುತ್ತ ಅವಳು ನನ್ನ ಕಡೆ ನೋಡದೆಯೇ ಹೇಳಿದಳು.

"ನಾ ಇನ್ನ ಊರಿಗೆ ಬರಂಗಿಲ್ಲ. ನೀ ಹೋಗು."

"ಬರಂಗಿಲ್ಲ ಅಂದ್ರ?"

"ಇಲ್ಲೇ ಇರತೇನಿ. ನಾವು ಇಳದ ಮಠದಾಗ ಹಂಗ ಇದ್ದಾವರು ಅದಾರಂತ. ಇಲ್ಲಿ ಸತ್ತರ ಮತ್ತ ಹುಟ್ಟೂದಿಲ್ಲ."

ನಾನು ಅವಳ ಪಕ್ಕಕ್ಕೆ ಸರಿದು ಕುಳಿತೆ. "ತಮ್ಮ ಏನರ ಅಂದನೇನು? ಅವನ ಹೆಂಡತಿ ಅಂದಳೇನು?"

"ಯಾರೂ ಏನೂ ಅಂದಿಲ್ಲ ಬೇ," ಎಂದಳು ಅವ್ವ. "ಅಂದಿದ್ರ ಜಗಳಾಡಿಕೋತ ಛಲೋ ಇರತಿದ್ದೆ."

ನಾನು ಅತ್ತೆ, ಬೈದೆ, ಮೊಮ್ಮಕ್ಕಳ ಹೆಸರು ಹಿಡಿದು ಆಣೆ ಹಾಕಿದೆ. ಅವಳು ಅತ್ತ ಗಂಗೆಯ ಕಡೆಗೇ ನೋಡುತ್ತ, ಕೂಸಿನ ರಚ್ಚೆಗೆ ತಾಯಿ ತಲೆದೂಗುವಂತೆ, ಹ್ಞೂಂ ಹ್ಞೂಂ ಎನ್ನುತ್ತಿದ್ದಳು.

ಆ ಮಧ್ಯಾಹ್ನ, ನಾವು ಇಳಿದಿದ್ದ ಮಠದ ಹಿತ್ತಲಲ್ಲಿ ಯಾತ್ರಿಕರಿಗೆಂದು ಇಟ್ಟಿದ್ದ ಒಲೆ ಹಚ್ಚಿ ಅವ್ವ ರೊಟ್ಟಿ ಬಡಿಯಲು ಕುಳಿತಳು. ರೊಟ್ಟಿ ಬಡಿಯುವ ಸದ್ದು ನಮ್ಮ ಕಡೆಯವರಿಗೆ ಊರ ಹೆಸರಿದ್ದಂತೆ. ಎಷ್ಟು ದೂರದಲ್ಲಿ ಕೇಳಿದರೂ ತಲೆ ತಾನಾಗಿ ತಿರುಗುತ್ತದೆ. ಎರಡನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ಗೋಡೆ ಹಿಡಿದುಕೊಂಡು ಒಬ್ಬ ಕುಳ್ಳನೆಯ ಮುದುಕಿ ಬಂದು ನಿಂತಳು. ಮಠದ ಅಡುಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುವಾಗ ಅವಳನ್ನು ನಾನು ನೋಡಿದ್ದೆ, ಕನ್ನಡದವಳೆಂದು ತಿಳಿದಿರಲಿಲ್ಲ.

"ಜ್ವಾಳದ್ದೇನವ್ವಾ?" ಎಂದು ಕೇಳಿದಳು, ನಂಬಿಕೆಯಿಲ್ಲದವರ ಹಾಗೆ.

ಅವ್ವ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ಮುದುಕಿ ಅದನ್ನು ಕೂಡಲೇ ತಿನ್ನಲಿಲ್ಲ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಆಮೇಲೆ ಚೂರುಚೂರೇ ಮುರಿದು, ಬಾಯಲ್ಲಿ ಕರಗುವವರೆಗೂ ಬಿಟ್ಟು ತಿಂದಳು.

ಅವಳ ಹೆಸರು ಭಾಗವ್ವ. ಬೀಳಗಿ ತಾಲೂಕಿನವಳು, ಅನಗವಾಡಿಯ ಸಮೀಪ ಹೊಳೆಯ ದಂಡೆಗಿದ್ದ ಸಣ್ಣ ಊರಿನವಳು. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು ಅಣ್ಣನ ಮನೆಗೆ ಬಂದವಳು, ಅಣ್ಣನ ಮಕ್ಕಳನ್ನೆಲ್ಲ ಎತ್ತಿ ಬೆಳೆಸಿ, ಅವರು ದೊಡ್ಡವರಾದ ಮೇಲೆ ಯಾತ್ರೆಯವರ ಜೊತೆ ಕಾಶಿಗೆ ಬಂದು ಇಲ್ಲೇ ಉಳಿದುಬಿಟ್ಟಿದ್ದಳು. ಬಂದು ಎಷ್ಟು ವರ್ಷವಾಯಿತೆಂದರೆ, "ಬಂದಾಗ ಹಲ್ಲಿದ್ದೂ" ಎಂದು ನಕ್ಕಳು. ಅವ್ವನಿಗೆ ತಾನು ಹುಡುಕಿ ಬಂದದ್ದೇ ಎದುರಿಗೆ ಬಂದು ಕುಳಿತಂತಾಯಿತು.

"ನೀ ಪುಣ್ಯಾತಗಿತ್ತಿ. ನಾನೂ ಇಲ್ಲೇ ಇರಬೇಕಂತ ಮಾಡೇನಿ," ಎಂದಳು.

ಭಾಗವ್ವನಿಗೆ ಮುಕ್ತಿಯ ಮಾತು ಬೇಕಿರಲಿಲ್ಲ, ಊರಿನ ಮಾತು ಬೇಕಿತ್ತು. ಮಳೆ ಹೇಗಿದೆ, ಹೊಳೆದಂಡೆಯಲ್ಲಿ ಈಗಲೂ ಸೌತೆ ಹಾಕುತ್ತಾರೋ, ಹನುಮಪ್ಪನ ಗುಡಿಯ ಮುಂದಿನ ಹುಣಸೆ ಗಿಡ ಇದೆಯೋ ಇಲ್ಲವೋ, ಎಂದು ಒಂದರ ಬೆನ್ನಿಗೊಂದು ಕೇಳುತ್ತಲೇ ಹೋದಳು. ಅವ್ವ ನನ್ನ ಮುಖ ನೋಡಿದಳು. ಆಣೆಕಟ್ಟಿನ ಹಿನ್ನೀರಿಗೆ ಬೀಳಗಿ ಕಡೆಯ ಹೊಳೆಸಾಲಿನ ಊರುಗಳು ಮುಳುಗುತ್ತವೆಂಬುದು, ಆ ಜನ ಬೇರೆ ಜಾಗ ನೋಡಿಕೊಳ್ಳುತ್ತಿರುವುದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತಿದ್ದ ಸಂಗತಿ. ನಾನು ತಲೆ ತಗ್ಗಿಸಿದೆ. ಅವ್ವ ಹಿಟ್ಟಿನ ಕೈಯಿಂದಲೇ ಭಾಗವ್ವನ ಮೊಣಕಾಲು ಮುಟ್ಟಿ ಹೇಳಿದಳು.

"ನಿನಗ ಯಾರೂ ಹೇಳಿಲ್ಲೇನು? ಆ ಕಡೀ ಊರೆಲ್ಲಾ ಹಿನ್ನೀರಾಗ ಹೋಗತಾವು. ಮಂದಿ ಮನಿ ಕಿತ್ತಕೊಂಡ ಹೊಂಟಾರ."

"ಹನುಮಪ್ಪನ ಗುಡಿ?"

"ಗುಡೀನೂ ಹೋಗತೈತಿ."

"ಹೊಳಿ ದಂಡಿ?"

"ದಂಡಿ ಎಲ್ಲೀದು ಭಾಗವ್ವಾ. ಬರೇ ಹೊಳಿ ಇರತೈತಿ."

ಭಾಗವ್ವ ಉಳಿದ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಹೋದಳು.

ಮರುದಿನವೂ ಅದರ ಮರುದಿನವೂ ಅವಳು ನಮ್ಮ ಕಡೆ ಬರಲಿಲ್ಲ. ನಾನು ಹೊರಡುವ ದಿನ ಬಂದಿತು. ಅವ್ವನ ಹಟ ಸಡಿಲಾಗಿರಲಿಲ್ಲ. ತಮ್ಮನಿಗೆ ಏನೆಂದು ಹೇಳಲಿ ಎಂಬ ಯೋಚನೆಯಲ್ಲಿ ನಾನು ನನ್ನೊಬ್ಬಳದೇ ಅರಿವೆ ಮಡಿಸುತ್ತ ಕುಳಿತಿದ್ದೆ. ಆಗ ಭಾಗವ್ವ ಬಾಗಿಲಿಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಕಂಕುಳಲ್ಲೊಂದು ಗಂಟಿತ್ತು.

"ಬಾಯಾರ, ನನ್ನನ್ನೂ ಕರಕೊಂಡ ಹೋಗತೀರೇನ್ರಿ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತಳು. "ಹುಚ್ಚಿ ಏನ ನೀ? ಇಷ್ಟ ವರ್ಷ ಕಾದು ಕುಂತಾಕಿ, ಈಗ ಬಾಗಲಕ್ಕ ಬಂದಾಗ ಬಿಟ್ಟ ಹೋಗತೀ? ಹಾದ್ಯಾಗ ಏನರ ಆದರ ಮುಕ್ತಿ ಹೆಂಗ?"

"ಮುಕ್ತಿ ಎಲ್ಲಿಗೂ ಹೋಗಂಗಿಲ್ಲ ನೀಲವ್ವಾ," ಎಂದಳು ಭಾಗವ್ವ. "ಊರು ಹೋಗತೈತಿ."

ಅವ್ವ ಗೂಟದ ಮೇಲಿನ ತನ್ನ ಸೀರೆಯನ್ನು ಸರ್ರನೆ ಎಳೆದು ನನ್ನ ಚೀಲಕ್ಕೆ ತುರುಕುತ್ತ, "ಈ ಮುದುಕಿನ್ನ ಊರ ಮುಟ್ಟಿಸಾಕ ಯಾರರ ಬೇಕಲ್ಲ. ನೀ ಸಾಲಿಗೆ ಹೋಗಾಕಿ. ನಾ ಬಿಟ್ಟ ಬರತೇನಿ. ಆಮ್ಯಾಲೆ ತಿರುಗಿ ಕಾಶಿಗೆ ಬರಾಕಿನ ಮತ್ತ, ಈಗಽ ಹೇಳಿರತೇನಿ," ಎಂದಳು. ನಾನು ನಗು ತಡೆದುಕೊಂಡು, ಅಳುವನ್ನೂ ತಡೆದುಕೊಂಡು, ಹ್ಞೂಂ ಎಂದೆ.

ಕಾಶಿಯಿಂದ ಬಂದವರ ಪಾದ ಮುಟ್ಟುವುದು ನಮ್ಮಲ್ಲಿ ರೂಢಿ. ಬನಹಟ್ಟಿಯ ಮನೆಗೆ ಓಣಿಯ ಹೆಂಗಸರೆಲ್ಲ ಬಂದರು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ಕಾಯಿಯನ್ನೋ ಜನ್ಮಪೂರ್ತಿ ತಿನ್ನುವುದಿಲ್ಲವೆಂದು ಗಂಗೆಯ ಎದುರಿಗೆ ಬಿಟ್ಟುಬರುತ್ತಾರಷ್ಟೇ, "ಏನ ಬಿಟ್ಟ ಬಂದ್ರಿ?" ಎಂದು ಅವರು ಕೇಳಿದಾಗ ಅವ್ವ ನಾಲಿಗೆ ಕಚ್ಚಿಕೊಂಡಳು. ಕಾಶಿಯಲ್ಲೇ ಇರುವವಳಿಗೆ ಬಿಡುವ ಮಾತೆಲ್ಲಿಯದು ಎಂದು ಅವಳು ಅದನ್ನು ಮರೆತೇಬಿಟ್ಟಿದ್ದಳು. ಮೂಲೆಯಲ್ಲಿ ಕುಳಿತಿದ್ದ ಭಾಗವ್ವ, "ನಾ ಕಾಶೀನ ಬಿಟ್ಟ ಬಂದೇನಿ ತಂಗಿ," ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವ್ವ ಮಾತ್ರ ನಗಲಿಲ್ಲ.

ಎರಡು ದಿನ ಬಿಟ್ಟು ಮೂವರೂ ಬಸ್ಸು ಹಿಡಿದು ಬೀಳಗಿಗೆ, ಅಲ್ಲಿಂದ ಆ ಊರಿಗೆ ಹೋದೆವು. ಊರು ಅರ್ಧ ಖಾಲಿಯಾಗಿತ್ತು. ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಕಿತ್ತು ಒಯ್ದ ಮನೆಗಳು ಕಣ್ಣು ಹಲ್ಲು ಕಳೆದುಕೊಂಡ ಮುಖಗಳಂತೆ ಬಿಸಿಲಿಗೆ ಬಾಯಿ ತೆರೆದು ನಿಂತಿದ್ದವು. ಒಂದು ಮನೆಯ ಮುಂದೆ ನಡುವಯಸ್ಸಿನ ಗಂಡಸೊಬ್ಬ ಬಾಗಿಲ ಚೌಕಟ್ಟನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದ. ಭಾಗವ್ವ, "ಮಲ್ಲ್ಯಾ" ಎಂದಳು. ಅವಳು ಎತ್ತಿ ಆಡಿಸಿದ ಅಣ್ಣನ ಮಗ ಮಲ್ಲಪ್ಪ ಅವನು. ಚೌಕಟ್ಟನ್ನು ಕೈಬಿಟ್ಟು ಓಡಿ ಬಂದ.

"ಅತ್ತೀ? ನೀ ಹೋಗಿಬಿಟ್ಟೀ ಅಂತ ತಿಳದಿದ್ದಿವಲ್ಲಬೇ!"

"ಸಾಯಾಕಽ ಹೋಗಿದ್ದೆ. ಕೆಲಸ ಆಗಲಿಲ್ಲ," ಎಂದಳು ಭಾಗವ್ವ. ಅವನು ಅವಳ ಹೆಗಲಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಊರು ಬಿಡುವ ದುಃಖವನ್ನೆಲ್ಲ ಯಾರ ಮುಂದೆ ಅಳಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದನೆಂದು ಕಾಣುತ್ತದೆ.

ಆ ದಿನ ಭಾಗವ್ವ ಊರಿನ ಒಂದೊಂದು ಮನೆಯ ಮುಂದೆಯೂ ನಿಂತಳು. ಗೋಡೆ ಮುಟ್ಟಿ, ಇದು ಇಂಥವರದು, ಇಲ್ಲಿ ಇಂಥವಳ ಬಾಣಂತನ ಮಾಡಿದೆ, ಈ ಕಟ್ಟೆಯ ಮೇಲೆ ನನ್ನ ಗಂಡನನ್ನು ಮೊದಲ ಸಲ ನೋಡಿದೆ ಎಂದು ಹೇಳುತ್ತ ನಡೆದಳು. ಅವ್ವ ಅವಳ ಕೈ ಹಿಡಿದು ಜೊತೆಗಿದ್ದಳು. ವಿಶ್ವನಾಥನ ಗುಡಿಯಲ್ಲಿ ನೂಕುನುಗ್ಗಲಿನ ನಡುವೆ ನಾನು ಹುಡುಕಿಯೂ ಕಾಣದೇ ಹೋದ ಒಂದು ನಿಶ್ಚಲತೆ ಆ ಇಬ್ಬರು ಮುದುಕಿಯರ ಮುಖದಲ್ಲಿ ಆ ಬಿಸಿಲಲ್ಲಿ ನನಗೆ ಕಂಡಿತು. ತೀರ್ಥವೆಂದರೆ ದಾಟುವ ಜಾಗವಂತೆ. ಹಾಗಾದರೆ ಎಲ್ಲರಿಗೂ ಒಂದೇ ದಡದಿಂದ ದಾಟಬೇಕೆಂಬ ಕಟ್ಟಳೆ ಎಲ್ಲಿದೆ?

ಎತ್ತರದ ಮಡ್ಡಿಯ ಮೇಲೆ ಹೊಸ ಊರು ಕಟ್ಟಿದರು. ತಗಡಿನ ಮನೆಗಳು, ಗಿಡವಿಲ್ಲ, ನೆರಳಿಲ್ಲ. ಭಾಗವ್ವನನ್ನು ಒಂದು ನೆಲೆಗೆ ಮುಟ್ಟಿಸಿ ಬರುತ್ತೇನೆಂದು ಹೋದ ಅವ್ವ ಅಲ್ಲೇ ಉಳಿದಳು. ತಮ್ಮ ಕರೆಯಲು ಹೋದರೆ, "ಇಲ್ಲಿ ಕೆಲಸ ಭಾಳ ಐತಿ" ಎಂದು ಕಳಿಸಿದಳು. ನಾನು ಹೋಗಿ ನೋಡಿದಾಗ ತಗಡಿನ ನೆರಳಿನಲ್ಲಿ ಇಬ್ಬರೂ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದರು. ಹೊಸ ಊರಲ್ಲಿ ಹುಟ್ಟಿದ ಕೂಸುಗಳಿಗೆ ಹೊದೆಯಲು ಬೇಕಲ್ಲ, ಎಂದರು. ಸುತ್ತಲೂ ನಾಲ್ಕಾರು ಹೆಂಗಸರು ಸೂಜಿ ಹಿಡಿದಿದ್ದರು. ಅವ್ವ ಒಬ್ಬಳ ಹೊಲಿಗೆ ಬಿಚ್ಚಿಸಿ ಬೈಯುತ್ತಿದ್ದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಹೇಳತೀರದು. ಹಬ್ಬಕ್ಕೆ ಬನಹಟ್ಟಿಗೆ ಬರುವಳು, ಮತ್ತೆ ಹೋಗುವಳು. ಕಾಶಿಯ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಕೆಲವು ಮಳೆಗಾಲ ಕಳೆದ ಮೇಲೆ ನೀರು ಬಂದಿತು. ಹೊಳೆ ಏರಿ ಬರಲಿಲ್ಲ, ಸುಮ್ಮನೆ ಅಗಲವಾಗುತ್ತ ಬಂದು ಓಣಿ, ಕಟ್ಟೆ, ಗುಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಒಳಗೆ ಕರೆದುಕೊಂಡಿತಂತೆ. ಭಾಗವ್ವ ಮಡ್ಡಿಯ ಮೇಲೆ ನಿಂತು ಕೊನೆಯವರೆಗೂ ನೋಡಿದಳು, ಅಳಲಿಲ್ಲ ಎಂದು ಅವ್ವ ಹೇಳಿದಳು.

ಅದಾದ ಮರುವರ್ಷ ಭಾಗವ್ವ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ನಾನು ಹೋದಾಗ ಮಧ್ಯಾಹ್ನದ ಹೊತ್ತು. ಮಲ್ಲಪ್ಪ ಕಾಲ ಹತ್ತಿರ ಕುಳಿತಿದ್ದ. ಅವ್ವ ತನ್ನ ಪೆಟ್ಟಿಗೆ ತೆಗೆದು, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯೊಂದನ್ನು ಹೊರತೆಗೆದಳು. ಕೊನೆಗಾಲಕ್ಕೆ ಬಾಯಿಗೆ ಬಿಡಲೆಂದು ಅವಳು ಕಾಶಿಯಿಂದ ತಂದಿಟ್ಟುಕೊಂಡಿದ್ದ ಗಂಗೆ. ಬೆಸುಗೆಯ ಅಂಚಿಗೆ ಚಾಕು ಹಚ್ಚುವಾಗ ಭಾಗವ್ವ ಕಣ್ಣು ತೆರೆದಳು.

"ಏನದು?"

"ಗಂಗಿ, ಭಾಗವ್ವಾ. ಬಾಯಿ ತಗಿ."

ಭಾಗವ್ವ ಇಲ್ಲವೆಂದು ತಲೆಯಾಡಿಸಿದಳು. "ಅದು ನಿನಗಿರಲಿ. ನನಗ ಹೊಳಿ ನೀರು ತಂದ ಹಾಕು. ನಮ್ಮೂರ ಮ್ಯಾಲಿಂದು."

ಮಲ್ಲಪ್ಪ ಎದ್ದ. ಅವ್ವ ಅವನನ್ನು ಕೂಡ್ರಿಸಿ, ತಂಬಿಗೆ ಹಿಡಿದು ತಾನೇ ಹೊರಟಳು. ನಾನು ಬೆನ್ನಿಗೆ ಹೋದೆ. ಮಡ್ಡಿಯ ಇಳಿಜಾರು ಮುಗಿದಲ್ಲಿ ಹಿನ್ನೀರು ಕಣ್ಣು ಹರಿಯುವವರೆಗೂ ಸುಮ್ಮನೆ ಬಿದ್ದುಕೊಂಡಿತ್ತು. ಅವ್ವ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಹೊರಳಿ ನನ್ನನ್ನು ಕೇಳಿದಳು.

"ಗುಡಿ ಯಾವ ದಿಕ್ಕಿಗೆ ಬೇ?"

ನಾನು ಅಂದಾಜಿನ ಮೇಲೆ ಕೈ ತೋರಿದೆ. ಅವ್ವ ಅತ್ತ ಮುಖಮಾಡಿ ತಂಬಿಗೆ ಮುಳುಗಿಸಿ ತುಂಬಿದಳು.

ಮನೆಗೆ ಮರಳಿದ ಮೇಲೆ ಭಾಗವ್ವ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಆ ನೀರನ್ನು ಕುಡಿದಳು. ಕುಡಿದು, ತುಟಿ ಚಪ್ಪರಿಸಿ, "ಇನ್ನಷ್ಟ ಹಾಕು ನೀಲವ್ವಾ," ಎಂದಳು.