ದಾರ ಕಚ್ಚಿದ ಬಾಯಿ

ಅವಳ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ದಾರ ಕಚ್ಚಿ ಕಚ್ಚಿ ಸವೆದದ್ದು. ಬಿಳಿ ನೂಲಿನ ಒಂದು ತುದಿಯನ್ನು ಅಲ್ಲಿ ಸಿಕ್ಕಿಸಿ, ಉಳಿದದ್ದನ್ನು ಎರಡೂ ಕೈಬೆರಳಿಗೆ ಸುತ್ತಿ, ಕತ್ತರಿಯ ಹಾಗೆ ಆಡಿಸುತ್ತ ಹುಬ್ಬಿನ ಕೂದಲು ಕೀಳುವಾಗ ಅವಳ ಮುಖ ನಮ್ಮ ಮುಖದ ಮೇಲೇ ಬಾಗಿರುತ್ತಿತ್ತು. ಬಾಯಲ್ಲಿ ದಾರ ಇದ್ದ ಮೇಲೆ ಮಾತಾಡುವ ಹಾಗಿಲ್ಲ. ಹೂಂ ಅನ್ನಬಹುದು, ಉಹೂಂ ಅನ್ನಬಹುದು, ಅಷ್ಟೇ. ಸನ್ನಿವೇಲಿನ ಅರ್ಧ ಕನ್ನಡ ಹೆಂಗಸರು ಅತ್ತೆ, ಸೊಸೆ, ಗಂಡ, ವೀಸಾ ಎಲ್ಲದರ ಕಥೆಯನ್ನೂ ಆ ಕುರ್ಚಿಯಲ್ಲಿ ಒರಗಿಕೊಂಡು ಅವಳಿಗೆ ಹೇಳಿ ಹಗುರಾಗುತ್ತಿದ್ದರು. ದಾರ ತೆಗೆದ ಮೇಲೂ ಅವಳು ಅದನ್ನೆಲ್ಲ ಎಲ್ಲೂ ಆಡುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಅವಳು ಹುಬ್ಬಳ್ಳಿಯವಳು. ಇಂಡಿಯನ್ ಗ್ರೋಸರಿ ಅಂಗಡಿಯ ಪಕ್ಕದಲ್ಲಿ ಅವಳ ಪುಟ್ಟ ಪಾರ್ಲರ್ ಇತ್ತು. ವಯಸ್ಸಿನಲ್ಲಿ ನನ್ನ ಚಿಕ್ಕಮ್ಮನಾಗಬಹುದಿತ್ತು, ಆದರೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಂದೆ. ಮೊದಲ ಸಲ ಹೋದಾಗ ನಾನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಹುಬ್ಬು ಮತ್ತು ಮೇಲ್ದುಟಿ ಎಂದು ಸಣ್ಣ ದನಿಯಲ್ಲಿ ಹೇಳಿದೆ. ಅವಳು ಹೆಬ್ಬೆರಳಿನಿಂದ ನನ್ನ ಗಲ್ಲ ಸವರಿ ನೋಡಿದಳು. ಲೇಸರ್ ಮಾಡಿಸಿಯೂ ಅಲ್ಲೊಂದು ಇಲ್ಲೊಂದು ಗಡುಸು ಕೂದಲು ಉಳಿದಿದ್ದವು. ನನ್ನ ಜೀವ ಬಾಯಿಗೆ ಬಂತು. ಅವಳು ಏನೂ ಕೇಳಲಿಲ್ಲ. "ಇಲ್ಲಿ ಬಿಸಿಲು ಕಣ್ಣಿಗೆ ಹೊಡೀತದ ತಂಗಿ, ಒಳಗ ಬಾ" ಎಂದು ಪರದೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಹೊರಗೆ ಆವತ್ತು ಮೋಡ ಕವಿದಿತ್ತು.

ನಾನು ತುಮಕೂರಿನಲ್ಲಿ ಹುಟ್ಟಿದಾಗ ಗಂಡುಮಗು ಎಂದು ಪೇಡ ಹಂಚಿದ್ದರಂತೆ. ನಾನು ಹಾಗಲ್ಲ ಎಂದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು, ಬಾಯಿಬಿಟ್ಟು ಹೇಳಿ ಹೆಣ್ಣಾಗಿ ಬದುಕಲು ಈ ದೇಶಕ್ಕೆ ಓದಲು ಬರಬೇಕಾಯಿತು. ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಾನು ಟ್ರಾನ್ಸ್ ಎಂದು ಅಲ್ಲಿ ಕೆಲವರಿಗೆ ಗೊತ್ತು, ಕೆಲವರಿಗೆ ಇಲ್ಲ. ಅಕ್ಕನಿಗೆ ಇದನ್ನು ಹೇಳಲು ನಾನು ಒಂದು ವರ್ಷ ತೆಗೆದುಕೊಂಡೆ. ಹೇಳಿದಾಗ ಅವಳು ಡಬ್ಬಿಯಿಂದ ಪೌಡರ್ ತೆಗೆದು ನನ್ನ ಹುಬ್ಬಿಗೆ ಸವರುತ್ತಿದ್ದಳು.

"ಗೊತ್ತದಲ್ಲ" ಎಂದಳು.

"ಯಾವಾಗಿಂದ?"

"ಮೊದಲನೇ ದಿವಸದಿಂದ."

"ಮತ್ತೆ ಒಂದ್ ಮಾತೂ ಕೇಳಲಿಲ್ಲ?"

"ನೀ ಅದನ್ನ ಹೇಳ್ಲಿಕ್ಕೆ ಬಂದಿದ್ದಿಲ್ಲ. ಹುಬ್ಬು ಮಾಡಿಸ್ಕೊಳ್ಳಲಿಕ್ಕೆ ಬಂದಿದ್ದಿ. ಸುಮ್ನ ಕೂಡು, ಒಂದು ಹುಬ್ಬು ಇನ್ನೂ ಉಳದದ."

ಅವಳು ಇಷ್ಟು ಮೆತ್ತಗೆ ಇದ್ದಳೆಂದ ಮಾತ್ರಕ್ಕೆ ನಮ್ಮಿಬ್ಬರ ನಡುವೆ ಜಗಳವೇ ಆಗುತ್ತಿರಲಿಲ್ಲ ಎಂದು ತಿಳಿಯಬಾರದು. ಒಂದು ವಿಷಯದಲ್ಲಿ ನಾವು ಸದಾ ಕಿತ್ತಾಡುತ್ತಿದ್ದೆವು. ಗಂಡಸೊಬ್ಬ ಹತ್ತಿರ ಬಂದರೆ ಅವನಿಗೆ ಯಾವಾಗ ಹೇಳಬೇಕು ಎನ್ನುವುದು. ಡೇಟಿಂಗ್ ಆ್ಯಪುಗಳಲ್ಲಿ ಮೊದಲೇ ಬರೆದುಕೊಂಡರೆ ಬರುವವರು ಎಂಥವರು ಎಂದು ನನಗೆ ಅನುಭವವಿತ್ತು. ಕತ್ತಲ ಕೋಣೆಗೆ ನಾನು ಬೇಕು, ಗೆಳೆಯನ ಬರ್ತ್‌ಡೇ ಪಾರ್ಟಿಗೆ ಬೇಡ. ಮೊದಲೇ ಹೇಳದೆ ಆಮೇಲೆ ಹೇಳಿದರೆ ಮೋಸಗಾತಿ ಎಂಬ ಹೆಸರು, ಅದೃಷ್ಟ ಕೆಟ್ಟರೆ ಹೊಡೆತ. "ನನ್ನ ಮೈ ವಿಷಯ ನನ್ನದು ಅಕ್ಕ. ಅವನೇನು ತನ್ನ ಮೆಡಿಕಲ್ ಫೈಲ್ ತಂದು ತೋರಿಸ್ತಾನಾ?" ಎಂದು ನಾನು ಹಾರಾಡುತ್ತಿದ್ದೆ.

ಹೀಗೆ ಹಾರಾಡಿದ ಒಂದು ದಿನ ಅವಳು ಬಾಯಿಂದ ದಾರ ತೆಗೆದು ತನ್ನ ಕಥೆ ಹೇಳಿದಳು. ಅವಳನ್ನು ಕೊಡುವ ಮೊದಲು ಅವಳ ತಾಯಿ ಗಂಡಿನ ಓಣಿಗೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸಿದ್ದರಂತೆ. ಬಂಗಾರದಂಥ ಹುಡುಗ ಎಂದರಂತೆ ಎಲ್ಲರೂ. ಮದುವೆಯಾದ ವಾರಕ್ಕೆ ಆ ಬಂಗಾರದಂಥವನು ಊಟದ ತಟ್ಟೆಯ ಮುಂದೆ ಫಿಟ್ಸ್ ಬಂದು ಬಿದ್ದ. ಅವನಿಗೆ ಚಿಕ್ಕಂದಿನಿಂದ ಇತ್ತು. ಇಡೀ ಓಣಿಗೇ ಗೊತ್ತಿತ್ತು. ನಾನು ಆ ಭಾವನನ್ನು ಬಲ್ಲೆ. ಶನಿವಾರ ಪಾರ್ಲರಿನ ನೆಲ ಗುಡಿಸಿ, ನಮಗೆಲ್ಲ ಚಹಾ ಮಾಡಿಕೊಡುತ್ತಿದ್ದ ಸಾಧು ಮನುಷ್ಯ.

"ಹೇಳಿದ್ರೂ ನಾ ಅವರನ್ನ ಮಾಡ್ಕೋತಿದ್ದೆ ತಂಗಿ" ಎಂದಳು ಅಕ್ಕ. "ಆದ್ರ ಯಾರೂ ನನ್ನ ಕೇಳ್ಲಿಲ್ಲಲ್ಲ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ."

ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, ಹಾಗಾಗಿ ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಬೇಕು ಎಂದೇನೋ ಗೊಣಗಿ ಎದ್ದು ಬಂದೆ. ಆ ಪಾರ್ಲರಿನ ಮುಂದೆ ಮೀಟರೇ ಇರಲಿಲ್ಲ.

ಮರುವರ್ಷ ಅವನು ಸಿಕ್ಕ. ಹಾಸನದವನು, ಸನ್ನಿವೇಲಿನಲ್ಲಿ ಇಂಜಿನಿಯರು. ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಪಕ್ಕ ಕೂತು, ಒಬ್ಬಟ್ಟಿಗೆ ತುಪ್ಪ ಸಾಲದು ಎಂದು ನನ್ನ ತಟ್ಟೆಯ ತುಪ್ಪವನ್ನು ಕೇಳಿ ಇಸಿದುಕೊಂಡವನು. ಎರಡು ಸಲ ಭೇಟಿಯಾದೆವು. ಅವನು ನನಗೆ ಇಷ್ಟವಾಗಿದ್ದ. ಮೂರನೆಯ ಸಲಕ್ಕೆ ಮುಂಚೆ, ಈ ಸಲ ಹೇಳಿಬಿಡುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಭೇಷ್ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸಣ್ಣಗಾಯಿತು.

"ಹಗಲು ಹೊತ್ತಿನ್ಯಾಗ ಹೇಳು. ಮಂದಿ ಇರೂ ಜಾಗಾದಾಗ. ನಿನ್ನ ಕಾರ್ ನೀ ತಗೊಂಡು ಹೋಗು, ಅಂವನ ಕಾರ್ ಹತ್ತಬ್ಯಾಡ. ಎಲ್ಲಿ, ಎಷ್ಟು ಗಂಟೇಕ್ಕ, ನನಗ ತಿಳಸು."

ಕ್ಯಾಂಪ್‌ಬೆಲ್ ಡೌನ್‌ಟೌನಿನ ಒಂದು ಕಾಫಿ ಅಂಗಡಿಯ ಹೊರಗಿನ ಟೇಬಲ್ಲಿನಲ್ಲಿ ನಾನು ಅವನಿಗೆ ಹೇಳಿದೆ. ಶನಿವಾರ ಮಧ್ಯಾಹ್ನ. ಅವನು ಕಪ್ಪನ್ನು ತಿರುಗಿಸುತ್ತ ಕೂತ. "ನಾನು ಗೆಸ್ ಮಾಡಿರಲಿಲ್ಲ" ಎಂದ. ಕಪ್ಪನ್ನು ಪಕ್ಕಕ್ಕೆ ಸರಿಸಿ, "ನೀನು ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಂಗೆ ಟೈಮ್ ಬೇಕು. ಎಷ್ಟು ಅಂತ ಗೊತ್ತಿಲ್ಲ" ಎಂದ. ನನ್ನ ಭುಜ ಮುಟ್ಟಲು ಕೈ ಎತ್ತಿ, ಮುಟ್ಟದೆ ಹೊರಟುಹೋದ. ನಾನು ಕಾರಿನ ಹತ್ತಿರ ಬಂದರೆ ಪಕ್ಕದ ಕಾರಿನಲ್ಲಿ ಅಕ್ಕ ಕೂತಿದ್ದಳು. ಶನಿವಾರ ಪಾರ್ಲರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಬೀಗ ಹಾಕಿ ಬಂದಿದ್ದಳು.

"ಯಾಕ್ ಬಂದ್ರಿ ಅಕ್ಕ?"

"ಸುಮ್ನ. ಹತ್ತು."

ಡಬ್ಬಿಯಲ್ಲಿ ಗಿರ್ಮಿಟ್ ಕಲೆಸಿ ತಂದಿದ್ದಳು. ಮಂಡಕ್ಕಿ ಮೆತ್ತಗಾಗಿಬಿಟ್ಟಿತ್ತು. ನಾನು ಅಳುತ್ತ ತಿಂದೆ, ಅವಳು ನನ್ನ ಬೆನ್ನು ಸವರುತ್ತ ಸೀಟಿನ ಮೇಲೆ ಚೆಲ್ಲಿದ ಈರುಳ್ಳಿ ಆರಿಸಿದಳು. ಅಂವ ಬರ್ತಾನ ಎಂದು ಒಂದು ಸಲವೂ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ನನಗೆ ಮೈ ಉರಿಯುತ್ತಿತ್ತು.

ಕೆಲವು ವಾರಗಳ ಮೇಲೆ ಅವನು ಬಂದ. ನೆಟ್ಟಿನಲ್ಲಿ ಏನೇನೋ ಓದಿದನಂತೆ, ತಲೆಯೆಲ್ಲ ಕೆಟ್ಟುಹೋಯಿತಂತೆ, ಕೊನೆಗೆ ದಿನಾ ಆಫೀಸಿನಲ್ಲಿ ನಡೆದದ್ದನ್ನು ನನಗೆ ಹೇಳದೆ ಇರಲು ಆಗುತ್ತಿಲ್ಲ ಎಂಬುದೊಂದೇ ಉಳಿಯಿತಂತೆ. ತನ್ನ ಗೆಳೆಯರಿಗೂ ಅವನೇ ಹೇಳಿದ. ಇಬ್ಬರು ಹೂಂ ಎಂದರು, ಒಬ್ಬ ಮನೆಗೆ ಕರೆಯುವುದನ್ನು ಬಿಟ್ಟ. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನಾವು ಮದುವೆಯಾಗುವುದೆಂದು ಮಾತಾಗಿ, ಹಾಸನದಿಂದ ತಾಯಿ ಬರುತ್ತಾರೆ ಎಂದಾಗ ಅವನ ಧೈರ್ಯವೆಲ್ಲ ಎಲ್ಲಿ ಅಡಗಿತೋ. "ಅಮ್ಮಂಗೆ ಹೇಳೋದು ಬೇಡ. ಮದುವೆ ಆಗ್ಲಿ. ಆರು ತಿಂಗಳಿಗೆ ವಾಪಸ್ ಹೋಗ್ತಾರೆ, ಅವರಿಗ್ಯಾಕೆ ಈ ಟೆನ್ಷನ್" ಎಂದ. ನಾನೂ ದಣಿದಿದ್ದೆ. ಸರಿ ಎಂದೆ. ಅಕ್ಕನಿಗೆ ತಿಳಿಸಿದಾಗ ಅವಳ ಬಾಯಲ್ಲಿ ದಾರವಿತ್ತು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅವನ ತಾಯಿ ನನ್ನನ್ನು ಮೆಚ್ಚಿಕೊಂಡರು. ಅದೇ ನನಗೆ ಕಷ್ಟವಾಯಿತು. ಒಂದು ದಿನ ಅಡುಗೆಮನೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಸೆರಗಿನಿಂದ ಗಲ್ಲ ಮುಚ್ಚಿಕೊಂಡು, "ಇಲ್ಲಿ ಎರಡು ಮೂರು ಕೂದ್ಲು ಬರ್ತದೆ ಕಣಮ್ಮ. ನಮ್ಮ ಯಜಮಾನ್ರಿಗೂ ಗೊತ್ತಿಲ್ಲ, ಬಚ್ಚಲಲ್ಲಿ ಕಿತ್ಕೊತೀನಿ. ಯಾರಿಗೂ ಹೇಳ್ಬೇಡ, ಎಲ್ಲಾದ್ರೂ ತೆಗಿಸ್ಕೊಡು" ಎಂದರು. ಇಡೀ ಬೇ ಏರಿಯಾ ಸೀಮೆಯಲ್ಲಿ ಈ ವಿಷಯಕ್ಕೆ ನನಗಿಂತ ತಕ್ಕವಳು ಅವರಿಗೆ ಸಿಗುತ್ತಿರಲಿಲ್ಲ. ಅಕ್ಕನ ಹತ್ತಿರ ಕರೆದುಕೊಂಡು ಹೋದೆ.

ಅವರನ್ನು ಪರದೆಯ ಹಿಂದಿನ ಕೋಣೆಗೆ ಕಳಿಸಿ ನಾನು ಹೊರಗಿನ ಕುರ್ಚಿಯಲ್ಲಿ ಕೂತೆ. ಪರದೆ ದಪ್ಪವೇ, ಆದರೆ ಹಾಸನದ ಆಂಟಿಯ ಪಿಸುಮಾತು ದೇವಸ್ಥಾನದ ಮೈಕಿನಷ್ಟೇ ಸ್ಪಷ್ಟ.

"ನೀವು ಕನ್ನಡದವರು, ಅದಕ್ಕೇ ಕೇಳ್ತಿದೀನಿ. ಇವಳು ವರ್ಷಾನುಗಟ್ಟಲೆಯಿಂದ ಬರ್ತಾಳಂತಲ್ಲ ನಿಮ್ಮ ಹತ್ರ. ಹುಡುಗಿ ಹೇಗೆ? ನಮಗೆ ಗೊತ್ತಾಗಬೇಕಾದ್ದು ಏನಾದ್ರೂ ಇದೆಯಾ? ಇಲ್ಲಿ ವಿಚಾರಿಸೋಕೆ ನಮಗೆ ಬೇರೆ ಯಾರಿದಾರೆ."

ಮಗನಿಗೆ ಹೆಣ್ಣು ತರುವ ಯಾವ ತಾಯಿಯಾದರೂ ಕೇಳುವ ಮಾತೇ ಅದು, ಅಕ್ಕನ ತಾಯಿ ಆ ಓಣಿಯಲ್ಲಿ ಕೇಳಿದ್ದೂ ಅದೇ. ದಾರದ ಕಿರಿಕಿರಿ ಸದ್ದು ಮಾತ್ರ ಬರುತ್ತಿತ್ತು. ಅಕ್ಕ ಇಡೀ ಗಲ್ಲ ಮುಗಿಸಿದಳು. ಆಮೇಲೆ ಅವಳ ದನಿ ಕೇಳಿಸಿತು.

"ಬಂಗಾರದಂಥಾ ಹುಡುಗಿ ಅಂತ ನಾ ಹೇಳೂದಿಲ್ಲರೀ. ಹಂಗ ಹೇಳೇ ನಮ್ಮವ್ವಗ ಮೋಸ ಮಾಡಿದ್ರು. ಏನೂ ಇಲ್ಲ ಅಂತನೂ ಹೇಳೂದಿಲ್ಲ. ಅಕಿ ಹೊರಗ ಕೂತಾಳ. ಅಕಿನ್ನ ಕೇಳ್ರಿ. ಅಕಿ ನಿಮಗ ಸುಳ್ಳು ಹೇಳಂಗಿಲ್ಲ, ಅಷ್ಟು ಮಾತ್ರ ನನಗ ಗೊತ್ತು."

ಪರದೆ ಸರಿಸಿ ಅಕ್ಕ ಹೊರಗೆ ಬಂದಳು. ನನ್ನ ಮುಖ ನೋಡಿದಳು. ಬಾಗಿಲಿಗೆ ಕ್ಲೋಸ್ಡ್ ಬೋರ್ಡು ತಿರುಗಿಸಿ, ಕೊತ್ತಂಬರಿ ತರುತ್ತೇನೆ ಎಂದು ಪಕ್ಕದ ಗ್ರೋಸರಿಗೆ ಹೋಗಿಬಿಟ್ಟಳು. ಆ ಕ್ಷಣದಲ್ಲಿ ಅವಳನ್ನು ನಾನು ಮನಸಾರೆ ಬೈದುಕೊಂಡೆ. ಹಾಳಾದವಳು, ಬಾವಿಗೆ ತಳ್ಳಿ ಕೊತ್ತಂಬರಿ ತರಲು ಹೋದಳು ಎಂದು.

ಆಂಟಿ ಕೆಂಪಾದ ಗಲ್ಲ ಹಿಡಿದುಕೊಂಡು ನನ್ನೆದುರಿಗೆ ಕೂತರು. "ಏನಮ್ಮ ಅದು?" ಎಂದರು. ನಾನು ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ, ಹೇಗೆ ಮುಗಿಸಿದೆನೋ ನೆನಪಿಲ್ಲ. ಅವರು ಬಹಳ ಹೊತ್ತು ಅರ್ಥಮಾಡಿಕೊಳ್ಳಲು ಒದ್ದಾಡಿದರು.

"ಟೋಲ್ ಗೇಟಲ್ಲಿ ಕೈ ತಟ್ಟಿ ಬರ್ತಾರಲ್ಲ, ಅವರಾ?"

"ಅವರೂ ನಾನೂ ಒಂದೇ ಆಂಟಿ. ನನ್ನನ್ನ ಓದಿಸಿದ್ರು, ಅವರನ್ನ ಮನೆಯಿಂದ ಹೊರಗೆ ಹಾಕಿದ್ರು."

"ನನ್ನ ಮಗಂಗೆ ಗೊತ್ತಾ?"

"ಮೊದಲೇ ಹೇಳಿದೀನಿ."

"ಮಕ್ಕಳು?"

"ಆಗಲ್ಲ ಆಂಟಿ."

ಅವರು ಕಣ್ಣು ಮುಚ್ಚಿಕೊಂಡರು. ಬೈಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಆಮೇಲೆ ದಿನಗಟ್ಟಲೆ ಮಗನೊಡನೆ ಜಗಳವಾಡಿದರು, ಅತ್ತರು, ದೇವಸ್ಥಾನಕ್ಕೆ ಹೋಗಿ ಸುಮ್ಮನೆ ಕೂತು ಬಂದರು. ನಾನು ಪಾರ್ಲರಿನ ಕಡೆ ತಲೆ ಹಾಕಲಿಲ್ಲ. ಅಕ್ಕ ಫೋನು ಮಾಡಿದರೆ ಎತ್ತಲಿಲ್ಲ. ತಿಂಗಳಾದ ಮೇಲೆ ಒಂದು ಭಾನುವಾರ ಆಂಟಿ ಮಗನನ್ನು ಕರೆದುಕೊಂಡು ಫಾಸ್ಟರ್ ಸಿಟಿಯ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಡಬ್ಬಿಯಲ್ಲಿ ಅಕ್ಕಿರೊಟ್ಟಿ ಇತ್ತು. ನೀರಿನ ಕಡೆಗಿರುವ ಬಾಲ್ಕನಿಯಲ್ಲಿ ನಾನು ತಿನ್ನುವುದನ್ನು ನೋಡುತ್ತ ಕೂತು, "ನಂಗೆ ಪೂರ್ತಿ ಒಪ್ಪಿಗೆ ಆಗಿಲ್ಲ. ಆಗ್ತದೋ ಇಲ್ವೋ ಗೊತ್ತಿಲ್ಲ. ಆದ್ರೆ ಮದುವೆಗೆ ನಿಮ್ಮಮ್ಮಂಗೆ ಯಾರು ಫೋನ್ ಮಾಡ್ಬೇಕು, ನಾನಾ ಇವನಾ?" ಎಂದರು. ನನ್ನ ಅಮ್ಮ ನನ್ನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ನಾನು ಅದನ್ನೂ ಹೇಳಿದೆ. ಅವರೇ ಫೋನು ಮಾಡಿದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ.

ಮರುದಿನವೇ ಪಾರ್ಲರಿಗೆ ಹೋದೆ. ಅಕ್ಕ ನನ್ನ ಹುಬ್ಬು ನೋಡಿ, "ಏನಿದು, ಕಾಡು ಬೆಳಸೀ" ಎಂದಳು. ಅಷ್ಟೇ ಅಂದದ್ದು. ಮದುವೆಯ ದಿನ ನನ್ನ ಮುಖಕ್ಕೆ ಬೇರೆ ಯಾರನ್ನೂ ಕೈ ಹಚ್ಚಲು ಬಿಡಲಿಲ್ಲ. ತಂದೆತಾಯಿಯ ಜಾಗದಲ್ಲಿ ನಿಂತು ಧಾರೆ ಎರೆದವರು ಅವಳೂ ಭಾವನೂ. ಭಾವನ ಕೈಯಡಿಗೆ ಅಕ್ಕ ತನ್ನ ಕೈ ಕೊಟ್ಟು ಹಿಡಿದಿದ್ದಳು.

ಕಳೆದ ವರ್ಷ ಅಕ್ಕ ಹೋದಳು. ಬೆಳಿಗ್ಗೆ ಪಾರ್ಲರ್ ತೆಗೆದು, ಎದೆ ನೋವು ಎಂದು ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಸುದ್ದಿ ತಿಳಿಸಲು ಹಾಸನಕ್ಕೆ ಫೋನು ಮಾಡಿದೆ. ಅತ್ತೆ ಮೊದಲು ಭಾವನನ್ನು ವಿಚಾರಿಸಿದರು. ಆಮೇಲೆ ಅಂದರು:

"ಅವತ್ತು ಪಾರ್ಲರಲ್ಲಿ ಅವರೇ ನಂಗೆ ಹೇಳ್ಬಿಟ್ಟಿದ್ರೆ, ನಾನು ಹಿಂದಿನ ಬಾಗಿಲಿಂದ ಎದ್ದು ಹೋಗ್ತಿದ್ದೆ ಕಣಮ್ಮ. ನಿನ್ನ ಮುಖ ಕೂಡ ನೋಡ್ತಿರಲಿಲ್ಲ. ನೀನು ಎದುರಿಗೆ ಕೂತು ನಡುಗ್ತಾ ಹೇಳ್ತಿದ್ದೆ. ಹಂಗೆ ನಡುಗೋ ಮಗೂನ ಬಿಟ್ಟು ಎದ್ದು ಹೋಗೋಕೆ ನನ್ನ ಕೈಲಿ ಆಗ್ಲಿಲ್ಲ."

ಇಷ್ಟು ವರ್ಷ ಅತ್ತೆ ಇದನ್ನು ನನಗೆ ಹೇಳಿರಲಿಲ್ಲ. ಫೋನು ಇಟ್ಟ ಮೇಲೆ, ಇದನ್ನು ಈಗಲೇ ಯಾರಿಗಾದರೂ ಹೇಳಬೇಕೆನಿಸಿ ಕಾರಿನ ಕೀ ತೆಗೆದುಕೊಂಡೆ. ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು, ಇಂಥದ್ದನ್ನು ನಾನು ಹೇಳುತ್ತಿದ್ದದ್ದು ಅಕ್ಕನೊಬ್ಬಳಿಗೇ.